ಮನೆಗೆ ಶಬ್ದ ಬರದಂತೆ ಏನು ಹಾಕಬೇಕು? – ಅಕೌಸ್ಟಿಕ್ ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಸಂಜೆ 6ರಿಂದ 8ರವರೆಗೆ ಇಂಜಿನಿಯರ್ ಗುಂಪಿನಲ್ಲಿರುತ್ತಾರೆ. ಗೋಡೆಯ ಅಳತೆ, ಯಾವ ಶಬ್ದ ಅನ್ನೋದು ಬರೆಯಿರಿ. ಹೆಸರು ಬೇಡ, ಊರು ಸಾಕು.

ಹೆಬ್ಬಾಳ: ನಮಸ್ಕಾರ ಸರ್. ಪಕ್ಕದ ಫ್ಲಾಟಿನ ಟಿವಿ, ಮಾತು ಎಲ್ಲಾ ನಮ್ಮ ಬೆಡ್‌ರೂಮಿಗೆ ಕೇಳುತ್ತೆ. ನಡುವೆ 4 ಇಂಚಿನ ಬ್ಲಾಕ್ ಗೋಡೆ, 12 ಅಡಿ ಉದ್ದ, 9 ಅಡಿ ಎತ್ತರ. 2 ಇಂಚಿನ ಕಪ್ಪು ಫೋಮ್ ಅಂಟಿಸಿದರೆ ಸಾಕಾ?

ಇಂಜಿನಿಯರ್: ಸಾಲದು. ಫೋಮ್ ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸುತ್ತೆ, ಗೋಡೆ ದಾಟಿ ಬರುವುದನ್ನು ತಡೆಯಲ್ಲ. ತಡೆಯೋಕೆ ತೂಕ ಬೇಕು, ಎರಡು ಪದರದ ನಡುವೆ ಖಾಲಿ ಜಾಗ ಬೇಕು, ಗಾಳಿ ನುಸುಳುವ ಸಂದಿ ಇರಬಾರದು.

ಮೊದಲು ಮೇನ್ ಆಫ್ ಮಾಡಿ ಸ್ವಿಚ್‌ಬೋರ್ಡ್ ಬಿಚ್ಚಿ ನೋಡಿ. ಎರಡೂ ಮನೆಯ ಬಾಕ್ಸ್ ಬೆನ್ನಿಗೆ ಬೆನ್ನು ಕೂತಿದ್ದರೆ ಮಾತು ಅಲ್ಲಿಂದಲೇ ಬರುತ್ತಿರಬಹುದು. ಅದಲ್ಲವಾದರೆ ಗೋಡೆಯಿಂದ 25 ಎಂಎಂ ಬಿಟ್ಟು 70 ಎಂಎಂ ಜಿಐ ಸ್ಟಡ್ (ಸತು ಲೇಪಿಸಿದ ಉಕ್ಕಿನ ಕಂಬಿ) ನಿಲ್ಲಿಸಿ, 600 ಎಂಎಂಗೆ ಒಂದರಂತೆ ಸುಮಾರು 8. ನೆಲದ, ಸೀಲಿಂಗಿನ ಚಾನೆಲ್ ಅಡಿ ರಬ್ಬರ್ ಪಟ್ಟಿ ಇಡಿ. ಹಳೇ ಗೋಡೆಗೆ ಒಂದೇ ಒಂದು ಸ್ಕ್ರೂ ಕೂಡ ಹೋಗಬಾರದು. ಕಾರ್ಪೆಂಟರ್ ಗಟ್ಟಿಯಾಗಲಿ ಅಂತ ಕ್ಲ್ಯಾಂಪ್ ಹೊಡೆದರೆ ಅದರ ಮೂಲಕವೇ ಕಂಪನ ದಾಟುತ್ತೆ, ದುಡ್ಡು ನೀರುಪಾಲು. ಸ್ಟಡ್ ನಡುವೆ 50 ಎಂಎಂ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ನಾರು), ಘನ ಮೀಟರಿಗೆ 48ರಿಂದ 64 ಕೆಜಿ ಇರೋದು, 1200x600ರ 15 ಸ್ಲ್ಯಾಬ್. ಮೇಲೆ 12.5 ಎಂಎಂ ಜಿಪ್ಸಮ್ ಬೋರ್ಡ್ ಎರಡು ಪದರ. 6x4 ಅಡಿಯ 9 ಬೇಕು, 10 ತನ್ನಿ. ಒಂದು ಪದರದ ಜೋಡು ಇನ್ನೊಂದರ ಜೋಡಿನ ಮೇಲೆ ಬೀಳಬಾರದು. ಸುತ್ತಲೂ 6 ಎಂಎಂ ಸಂದಿ ಬಿಟ್ಟು, ಒಣಗಿದರೂ ಮೆತ್ತಗಿರುವ ಅಕೌಸ್ಟಿಕ್ ಸೀಲೆಂಟ್ ತುಂಬಿ, 300 ಎಂಎಲ್‌ನ 7 ಟ್ಯೂಬ್. ಪುಟ್ಟಿ ತುಂಬಿದರೆ ಬಿರುಕು ಬಿಡುತ್ತೆ. ಕೋಣೆ 5 ಇಂಚು ಕಿರಿದಾಗುತ್ತೆ. ನೆಲ, ಸೀಲಿಂಗಿನ ಕಾಂಕ್ರೀಟ್, ಪಕ್ಕದ ಗೋಡೆಗಳ ಮೂಲಕ ಬರುವ ಶಬ್ದ ಉಳಿಯುತ್ತೆ, ಪೂರ್ತಿ ನಿಶ್ಶಬ್ದ ನಿರೀಕ್ಷಿಸಬೇಡಿ.

ವಿಜಯನಗರ: ಮೊಟ್ಟೆ ಟ್ರೇ ಅಂಟಿಸಿದರೆ ನೂರು ರೂಪಾಯಲ್ಲಿ ಮುಗೀತು ಅಂತ ವಿಡಿಯೋ ಬಂದಿದೆ, ಕಳಿಸಲಾ?

ಇಂಜಿನಿಯರ್: ಕಳಿಸಬೇಡಿ. ಅದು ಬರೀ ರಟ್ಟು, ತೂಕವಿಲ್ಲ. ಕಿಡಿ ಬಿದ್ದರೆ ಗೋಡೆಪೂರ್ತಿ ಹತ್ತಿಕೊಳ್ಳುತ್ತೆ.

ದಾವಣಗೆರೆ: ರಾಕ್‌ವೂಲ್ ಕ್ಯಾನ್ಸರ್ ತರುತ್ತೆ. ಕಲ್ನಾರು ತರಾನೇ. ಮಕ್ಕಳಿರೋ ಮನೆಗೆ ಹೇಳ್ತೀರಲ್ಲ?

ಮೈಸೂರು: ಕಲ್ನಾರು ಬೇರೆ, ಇದು ಬೇರೆ ಸ್ವಾಮಿ. ಗೊತ್ತಿಲ್ಲದೆ ಹೆದರಿಸಬೇಡಿ.

ದಾವಣಗೆರೆ: ನಿಮ್ಮನ್ನ ಯಾರು ಕೇಳಿದ್ರು? ಸರ್ ಹೇಳಲಿ.

ಇಂಜಿನಿಯರ್: ಮೈಸೂರಿನವರದ್ದು ಸರಿ. ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2002ರಲ್ಲಿ ರಾಕ್‌ವೂಲನ್ನು ಮೂರನೇ ಗುಂಪಿಗೆ ಹಾಕಿದೆ, ಅಂದರೆ ಕ್ಯಾನ್ಸರ್‌ಕಾರಕ ಎನ್ನಲು ಸಾಕಷ್ಟು ಆಧಾರವಿಲ್ಲ. ಕಲ್ನಾರು ಇರೋದು ಮೊದಲನೇ ಗುಂಪಿನಲ್ಲಿ, ಅಂದರೆ ಖಚಿತವಾಗಿ ಕ್ಯಾನ್ಸರ್ ತರುವಂಥದ್ದು. ಕೆಲಸ ಮಾಡುವಾಗ ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ ಹಾಕಿ. ಬೋರ್ಡ್ ಮುಚ್ಚಿದ ಮೇಲೆ ತೊಂದರೆಯಿಲ್ಲ.

ಹುಬ್ಬಳ್ಳಿ: ರೋಡಿನ ಕಡೆ ಸ್ಲೈಡಿಂಗ್ ಕಿಟಕಿ ಐತ್ರಿ. ದಪ್ಪ ಗಾಜು ಹಾಕಿದ್ರ ಹಾರ್ನ್ ಸಪ್ಪಳ ನಿಲ್ತದೇನ್ರಿ? ಖರ್ಚು ಎಷ್ಟು?

ಇಂಜಿನಿಯರ್: ಗಾಜಿಗಿಂತ ಮೊದಲು ಸಂದಿ. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೂ ಎಂಥ ಗೋಡೆಯೂ 20 ಡೆಸಿಬಲ್‌ಗಿಂತ (ಶಬ್ದದ ಅಳತೆ) ಹೆಚ್ಚು ತಡೆಯಲಾರದು. ಸ್ಲೈಡಿಂಗಿನ ಬ್ರಷ್ ಪಟ್ಟಿ ಗಾಳಿ ಬಿಡುತ್ತೆ. ಒಳಬದಿಗೆ 100 ಎಂಎಂ ಬಿಟ್ಟು ಇಪಿಡಿಎಂ (ಬಿಸಿಲು, ಮಳೆಗೆ ಬಾಳುವ) ರಬ್ಬರ್ ಪಟ್ಟಿಯ, ಬಾಗಿಲಂತೆ ತೆರೆಯುವ ಎರಡನೇ ಕಿಟಕಿ ಹಾಕಿಸಿ. ಗಾಜು ಲ್ಯಾಮಿನೇಟೆಡ್ ಇರಲಿ, ಅಂದರೆ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದು.

ಕೆಂಗೇರಿ: ನಮ್ಮದು ಸಣ್ಣ ಸಮಸ್ಯೆ ಸರ್. ಬಾತ್‌ರೂಮಿನ ವೆಂಟಿಲೇಟರ್ ಪಕ್ಕದ ವರ್ಕ್‌ಶಾಪಿನ ಕಡೆಗಿದೆ, ಥರ್ಮಾಕೋಲ್ ತುಂಬಿ ಟೇಪ್ ಸುತ್ತಿದ್ದೀನಿ. ಸ್ವಲ್ಪ ಕಮ್ಮಿ ಆಗಿದೆ. ಗ್ಯಾಸ್ ಗೀಸರ್ ಬಿಸಿಗೆ ಟೇಪ್ ಬಿಡ್ತಿದೆ, ಯಾವ ಗಮ್ ಒಳ್ಳೇದು?

ಇಂಜಿನಿಯರ್: ಗಮ್ ಬೇಡ. ಈಗಲೇ ಎದ್ದು ಹೋಗಿ ಆ ಥರ್ಮಾಕೋಲ್ ಕಿತ್ತುಹಾಕಿ. ಇವತ್ತು ಆ ಗೀಸರ್ ಹಚ್ಚಬೇಡಿ. ಗ್ಯಾಸ್ ಉರಿಯೋಕೆ ಗಾಳಿ ಬೇಕು. ಮುಚ್ಚಿದ ಬಾತ್‌ರೂಮಿನಲ್ಲಿ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ತಲೆಸುತ್ತು, ವಾಂತಿ ಬಂದಂತಾಗೋದು, ಆಮೇಲೆ ಚಿಲಕ ತೆಗೆಯೋಕೂ ಶಕ್ತಿಯಿಲ್ಲದೆ ಕುಸಿಯೋದು. ನಮ್ಮಲ್ಲಿ ಜನ ಸತ್ತಿದ್ದಾರೆ ಇದರಿಂದ. ಮನೆಯಲ್ಲಿ ಯಾರಿಗಾದರೂ ಸ್ನಾನದ ನಂತರ ತಲೆನೋವು ಬರುತ್ತಿದೆಯಾ? ಬಂದಿದ್ದರೆ ವೈದ್ಯರಿಗೆ ಗ್ಯಾಸ್ ಗೀಸರ್ ವಿಷಯ ಹೇಳಿ.

ಗೀಸರನ್ನು ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಅದಾದ ಮೇಲೆ ಮಾತ್ರ ಶಬ್ದದ ವಿಚಾರ: ವೆಂಟಿಲೇಟರಿನ ಹೊರಗೆ ಎರಡು ತಿರುವಿನ ಪ್ಲೈವುಡ್ ಪೆಟ್ಟಿಗೆ, ಒಳಗೆ ಗಾಜಿನ ನಾರಿನ ಬಟ್ಟೆ ಸುತ್ತಿದ 25 ಎಂಎಂ ರಾಕ್‌ವೂಲ್. ಗಾಳಿಯ ದಾರಿ ಎಲ್ಲೂ ವೆಂಟಿಲೇಟರಿಗಿಂತ ಕಿರಿದಾಗಬಾರದು. ಗೀಸರ್ ಒಳಗಿರುವಾಗ ಈ ಪೆಟ್ಟಿಗೆಯೂ ಬೇಡ.

ವಿಜಯನಗರ: ಬಕೆಟ್ ನೀರಿಟ್ಟರೆ ವಿಷಗಾಳಿ ಹೀರಿಕೊಳ್ಳುತ್ತೆ ಅಂತ ಒಂದು ಮೆಸೇಜ್ ಬಂದಿತ್ತು.

ಇಂಜಿನಿಯರ್: ಸುಳ್ಳು. ಅದನ್ನು ನಂಬಿ ಯಾರೋ ಬಾಗಿಲು ಹಾಕಿಕೊಂಡು ಸ್ನಾನಕ್ಕಿಳಿಯುತ್ತಾರೆ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಉತ್ತರಿಸಲ್ಲ.

ಬನಶಂಕರಿ: ಮೇಲಿನ ಮನೆಯವರು ಬೆಳಗ್ಗೆ 5ಕ್ಕೇ ಗ್ರೈಂಡರ್ ಹಾಕ್ತಾರೆ. ನಮ್ಮ ಸೀಲಿಂಗಿಗೆ ಏನು ಮಾಡಿಸಲಿ?

ಇಂಜಿನಿಯರ್: ಅವರ ಗ್ರೈಂಡರ್ ಕೆಳಗೆ ದಪ್ಪ ರಬ್ಬರ್ ಪ್ಯಾಡ್ ಹಾಕಿಸಿ. ಕಂಪನ ಹುಟ್ಟುವಲ್ಲೇ ತಡೆಯಬೇಕು.

ಮಲ್ಲೇಶ್ವರ: ಇಡ್ಲಿಗೆ ರುಬ್ಬೋದೂ ತಪ್ಪಾ ಈಗ?

ಬನಶಂಕರಿ: ರಾತ್ರಿ 10ರಿಂದ ಬೆಳಗ್ಗೆ 6 ವಸತಿ ಪ್ರದೇಶಕ್ಕೆ 45 ಡೆಸಿಬಲ್ ಮಿತಿ ಇದೆ, 2000ದ ಶಬ್ದ ಮಾಲಿನ್ಯ ನಿಯಮ ಓದಿ.

ಮಲ್ಲೇಶ್ವರ: ಗ್ರೈಂಡರಿಗೆ ಪೊಲೀಸ್ ಕರೀತೀರಾ? ಹೊಂದಿಕೊಂಡು ಹೋಗೋಕೆ ಬರದಿದ್ದರೆ ಫ್ಲಾಟ್ ಯಾಕೆ ತಗೊಂಡ್ರಿ?

ಬನಶಂಕರಿ: ನಿದ್ದೆ ಕೆಡೋದು ನಮ್ಮದು, ಉಪದೇಶ ನಿಮ್ಮದು.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ತುಮಕೂರು: ಸರ್, ಪರದೆ ದಪ್ಪದ್ದು ಹಾಕಿದರೆ? ಫೋಮ್ ಆದರೂ?

ಇಂಜಿನಿಯರ್: ಮೇಲೆ ಓದಿ. ಕೆಂಗೇರಿಯವರೇ, ವೆಂಟಿಲೇಟರಿನ ಥರ್ಮಾಕೋಲ್ ತೆಗೆದಿರಾ?

ಶಿವಮೊಗ್ಗ: ಪ್ರೆಶರ್ ಪಂಪಿನ ಪೈಪ್ ಗುಂಯ್ ಅನ್ನುತ್ತೆ ಸರ್, ಅದಕ್ಕೇನು?

ಇಂಜಿನಿಯರ್: ಕೆಂಗೇರಿಯವರು ಉತ್ತರಿಸಿ.

ಕೆಂಗೇರಿ: ಕಿತ್ತುಹಾಕಿದೆ ಸರ್. ಗ್ಯಾಸೂ ಆಫ್ ಮಾಡಿದೆ. ಅಮ್ಮನಿಗೆ ಒಂದು ವಾರದಿಂದ ಸ್ನಾನ ಆದ ಮೇಲೆ ತಲೆ ಸುತ್ತುತ್ತಿತ್ತು, ಬಿಪಿ ಅಂದುಕೊಂಡಿದ್ದೆವು.

ಇಂಜಿನಿಯರ್: ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗೀಸರ್ ವಿಷಯ ಮೊದಲು ಹೇಳಿ.

ಹುಬ್ಬಳ್ಳಿ: ಕಿಟಕಿ ಖರ್ಚು ಹೇಳಲಿಲ್ರಿ ಸರ್.