ಬಲ ಶ್ವಾಸಕೋಶದ ಮೇಲಿನ ಹಾಲೆ ತೆಗೆದದ್ದು ಎಕ್ಸಿಷನ್ನೋ, ರಿಸೆಕ್ಷನ್ನೋ?

ಪ್ರಶ್ನೆ:
ನಮಸ್ಕಾರ. ಬೆಂಗಳೂರಿನಲ್ಲಿದ್ದುಕೊಂಡು ಅಮೆರಿಕದ ಆಸ್ಪತ್ರೆಯೊಂದರ ಒಳರೋಗಿಗಳ ಕಡತಗಳಿಗೆ ಐಸಿಡಿ-10-ಪಿಸಿಎಸ್ (ಶಸ್ತ್ರಚಿಕಿತ್ಸೆಯಂಥ ಪ್ರಕ್ರಿಯೆಗಳನ್ನು ಏಳು ಅಕ್ಷರಗಳಲ್ಲಿ ಗುರುತಿಸುವ ಪದ್ಧತಿ) ಕೋಡ್ ಹಾಕುವ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದೆ. ಒಂದು ಆಪರೇಟಿವ್ ರಿಪೋರ್ಟಿನ ತಲೆಬರಹದಲ್ಲಿ ಸರ್ಜನ್ ‘ಬಲ ಶ್ವಾಸಕೋಶದ ಭಾಗಶಃ ರಿಸೆಕ್ಷನ್’ ಎಂದು ಬರೆದಿದ್ದರು. ಒಳಗಿನ ವಿವರದಂತೆ, ಥೊರಾಕೋಸ್ಕೋಪ್ (ಸಣ್ಣ ರಂಧ್ರದಿಂದ ಎದೆಯೊಳಗೆ ನೋಡುವ ಸಾಧನ) ಮೂಲಕ ಮೇಲಿನ ಹಾಲೆಯ ಗಂಟಿನಿಂದ ಬೆಣೆಯಾಕಾರದ ತುಂಡೊಂದನ್ನು ತೆಗೆದು ಫ್ರೋಜನ್ ಸೆಕ್ಷನ್‌ಗೆ (ಶಸ್ತ್ರಚಿಕಿತ್ಸೆಯ ನಡುವೆಯೇ ಮಾಡುವ ಅಂಗಾಂಶ ಪರೀಕ್ಷೆಗೆ) ಕಳಿಸಿ, ಕ್ಯಾನ್ಸರ್ ಎಂದು ವರದಿ ಬಂದ ಮೇಲೆ ಅದೇ ಹಾಲೆಯನ್ನು ಪೂರ್ತಿ ಬಿಡಿಸಿ, ಒಂದು ರಂಧ್ರವನ್ನು ಹಿಗ್ಗಿಸಿ ಹೊರತೆಗೆದು, ಕೊನೆಗೆ ಎದೆಯಲ್ಲಿ ಡ್ರೈನ್ ಇಟ್ಟಿದ್ದಾರೆ. ‘ಭಾಗಶಃ’ ಎಂದಿದ್ದುದರಿಂದ ನಾನು ಬಲ ಶ್ವಾಸಕೋಶದ ಎಕ್ಸಿಷನ್ ಎಂದು 0-ಬಿ-ಬಿ-ಕೆ-4-ಝಡ್-ಝಡ್ ಹಾಕಿದೆ. ಆಡಿಟ್‌ನಲ್ಲಿ ಅದು ಕಾರಣವಿಲ್ಲದೆ ತಪ್ಪೆಂದು ವಾಪಸ್ಸಾಗಿದೆ. ಎಲ್ಲಿ ಎಡವಿದೆ, ದಯವಿಟ್ಟು ತಿಳಿಸಿ.

ಉತ್ತರ:
ನೀವು ಎಡವಿದ್ದು ಏನು ಮಾಡಿದರೆಂದು ಹೇಳುವ ಮೂರನೆಯ ಅಕ್ಷರದಲ್ಲಲ್ಲ, ಯಾವ ಅಂಗವೆಂದು (ಬಾಡಿ ಪಾರ್ಟ್) ಹೇಳುವ ನಾಲ್ಕನೆಯದರಲ್ಲಿ. ಅದು ತಪ್ಪಿದ್ದರಿಂದ ಮೂರನೆಯದೂ ತಪ್ಪಿತು. ಅಂಗದ ಒಂದು ಅಂಶವನ್ನು ಕತ್ತರಿಸಿ ತೆಗೆದರೆ ಎಕ್ಸಿಷನ್ (ಬಿ), ಪೂರ್ತಿ ತೆಗೆದರೆ ರಿಸೆಕ್ಷನ್ (ಟಿ) ಎಂಬುದು ನಿಮಗೆ ಗೊತ್ತೇ ಇದೆ. ಆದರೆ ‘ಪೂರ್ತಿ’ ಎಂಬುದನ್ನು ಅಂಗರಚನಾಶಾಸ್ತ್ರದ ಪುಸ್ತಕ ನೋಡಿ ಅಳೆಯುವಂತಿಲ್ಲ. ಪಿಸಿಎಸ್ ಕೋಷ್ಟಕದಲ್ಲಿ ಯಾವುದಕ್ಕೆ ಸ್ವಂತ ಬಾಡಿ ಪಾರ್ಟ್ ಅಕ್ಷರವಿದೆಯೋ ಅದನ್ನೇ ಒಂದು ಪೂರ್ಣ ಅಂಗವೆಂದು ಎಣಿಸಬೇಕು. ಬಲ ಶ್ವಾಸಕೋಶಕ್ಕೆ ಕೆ ಇರುವಂತೆ ಅದರ ಮೇಲಿನ ಹಾಲೆಗೆ ಸಿ, ನಡುವಿನದಕ್ಕೆ ಡಿ, ಕೆಳಗಿನದಕ್ಕೆ ಎಫ್ ಎಂದು ಬೇರೆ ಬೇರೆ ಅಕ್ಷರಗಳಿವೆ. ಹಾಗಾಗಿ ಸರ್ಜನ್‌ಗೆ ಅದು ಶ್ವಾಸಕೋಶದ ಒಂದು ಭಾಗವಾಗಿದ್ದರೂ ಕೋಡರ್‌ಗೆ ಒಂದು ಅಂಗದ ಪೂರ್ಣ ನಿರ್ಮೂಲನವೇ: 0-ಬಿ-ಟಿ-ಸಿ-4-ಝಡ್-ಝಡ್.

ಪಿಸಿಎಸ್‌ನ ಶಬ್ದಗಳನ್ನು ಅದೇ ಅರ್ಥದಲ್ಲಿ ಬಳಸಬೇಕೆಂಬ ಕಟ್ಟುಪಾಡು ವೈದ್ಯರಿಗಿಲ್ಲ. ವಿವರವನ್ನು ಓದಿ ಹೊಂದಿಸುವ ಹೊಣೆ ನಮ್ಮದೆಂದು ಮಾರ್ಗಸೂಚಿಯೇ ಹೇಳುತ್ತದೆ. 2015ರ ಅಕ್ಟೋಬರ್ 1ಕ್ಕೆ ಮುಂಚೆ ಬಳಕೆಯಲ್ಲಿದ್ದ ಐಸಿಡಿ-9ರಲ್ಲಿ ಲೋಬೆಕ್ಟಮಿ (ಹಾಲೆ ತೆಗೆಯುವ ಶಸ್ತ್ರಚಿಕಿತ್ಸೆ) ಎಂಬ ಹೆಸರಿಗೇ ಕೋಡ್ ಇತ್ತು, ಈಗ ಹಾಗಿಲ್ಲ. ತಲೆಬರಹವನ್ನು ಕೊನೆಯಲ್ಲಿ ಓದುವ ಅಭ್ಯಾಸ ನನ್ನನ್ನು ಎಷ್ಟೋ ಸಲ ಕಾಪಾಡಿದೆ.

ಇನ್ನೊಂದು ಕೋಡ್ ಕೂಡ ಬಿಟ್ಟುಹೋಗಿದೆ. ರೋಗನಿರ್ಣಯಕ್ಕೆಂದು ತುಂಡು ತೆಗೆದು, ಅದೇ ಜಾಗದಲ್ಲಿ ಮುಂದುವರಿದು ಮುಖ್ಯ ಶಸ್ತ್ರಚಿಕಿತ್ಸೆ ಮಾಡಿದಾಗ ಎರಡನ್ನೂ ಕೋಡ್ ಮಾಡಬೇಕು. ಬಯಾಪ್ಸಿಗೆ ಏಳನೆಯ ಅಕ್ಷರ ಎಕ್ಸ್ ಬರುತ್ತದೆ: 0-ಬಿ-ಬಿ-ಸಿ-4-ಝಡ್-ಎಕ್ಸ್. ಹಾಲೆಯನ್ನು ಹೊರತೆಗೆಯಲು ರಂಧ್ರ ಹಿಗ್ಗಿಸಿದ ಮಾತ್ರಕ್ಕೆ ಅಪ್ರೋಚ್ (ಒಳಹೋದ ದಾರಿ ಹೇಳುವ ಐದನೆಯ ಅಕ್ಷರ) ಓಪನ್ ಆಗುವುದಿಲ್ಲ, 4 ಸರಿಯಾಗಿದೆ. ತಾತ್ಕಾಲಿಕ ಡ್ರೈನ್‌ಗೆ ಪ್ರತ್ಯೇಕ ಕೋಡ್ ಬೇಡ.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದಗಳು. ಅದೇ ರಿಪೋರ್ಟಿನಲ್ಲಿ ಎದೆಯ ದುಗ್ಧಗ್ರಂಥಿಗಳನ್ನೂ ತೆಗೆದ ಉಲ್ಲೇಖವಿದೆ. ಅದೂ ರಿಸೆಕ್ಷನ್ನೇ?

ಉತ್ತರ:
ಗ್ರಂಥಿಗಳ ಇಡೀ ಸರಪಳಿಯನ್ನೇ ತೆಗೆದಿದ್ದರೆ 0-7-ಟಿ ಕೋಷ್ಟಕದ ರಿಸೆಕ್ಷನ್, ಬಾಡಿ ಪಾರ್ಟ್ 7. ಕೆಲವನ್ನಷ್ಟೇ ಆರಿಸಿ ತೆಗೆದಿದ್ದರೆ 0-7-ಬಿ ಕೋಷ್ಟಕದ ಎಕ್ಸಿಷನ್, ಬಾಡಿ ಪಾರ್ಟ್ ಅದೇ 7. ಎಷ್ಟು ತೆಗೆದರೆಂಬುದು ರಿಪೋರ್ಟಿನಿಂದ ಸ್ಪಷ್ಟವಾಗದಿದ್ದರೆ ಊಹಿಸಿ ಬರೆಯಬೇಡಿ, ಸರ್ಜನ್‌ಗೆ ಕ್ವೆರಿ ಕಳಿಸಿ.