ಪದಚರ್ಚೆ: ಟೈಪ್‌ಎರರ್, ವ್ಯಾಲ್ಯೂಎರರ್ ಎರಡೂ ‘ಅಮಾನ್ಯ ಮೌಲ್ಯ’ವೇ?

ಎಲ್ಲರಿಗೂ ನಮಸ್ಕಾರ.

ಫಂಕ್ಷನ್‌ಗೆ ಬಂದ ಆರ್ಗ್ಯುಮೆಂಟ್ (ಅದಕ್ಕೆ ಕೊಡುವ ಮಾಹಿತಿ) ಸರಿಯಿಲ್ಲದಾಗ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ರೈಸ್ ಮಾಡುವ (ಎಬ್ಬಿಸುವ) ಎರರ್‌ಗಳು ಮುಖ್ಯವಾಗಿ ಎರಡು: ಟೈಪ್‌ಎರರ್, ವ್ಯಾಲ್ಯೂಎರರ್. ಕನ್ನಡದಲ್ಲಿ ವಿವರಿಸುವಾಗ ಎರಡಕ್ಕೂ ‘ಅಮಾನ್ಯ ಮೌಲ್ಯ’ ಎಂದರೆ ಸಾಲದು. ‘ಅಮಾನ್ಯ’ ಎಂದಾಗ ಒಪ್ಪಿಲ್ಲ ಎಂದಷ್ಟೇ ಆಯಿತು, ಏಕೆ ಒಪ್ಪಿಲ್ಲ ಎಂಬುದು ತಿಳಿಯಲಿಲ್ಲ.

ಕೊಟ್ಟದ್ದನ್ನು ಪೂರ್ಣಾಂಕವಾಗಿಸುವ ಇಂಟ್ ಫಂಕ್ಷನ್ನನ್ನೇ ನೋಡಿ. ಅದಕ್ಕೆ ಖಾಲಿ ಲಿಸ್ಟ್ ಕೊಟ್ಟರೆ ಟೈಪ್‌ಎರರ್, ಏಕೆಂದರೆ ಲಿಸ್ಟ್ ಎಂಬ ಬಗೆಯೇ ಅದಕ್ಕೆ ಒಗ್ಗದು. ‘ಹತ್ತು’ ಎಂಬ ಸ್ಟ್ರಿಂಗ್ (ಅಕ್ಷರಗಳ ಸಾಲು) ಕೊಟ್ಟರೆ ವ್ಯಾಲ್ಯೂಎರರ್. ಸ್ಟ್ರಿಂಗ್ ಒಗ್ಗುವ ಬಗೆಯೇ, ಒಳಗಿರುವುದು ಅಂಕಿಯಲ್ಲ ಅಷ್ಟೇ. ‘೧೦’ ಎಂದು ಕನ್ನಡ ಅಂಕಿಯಲ್ಲಿ ಕೊಟ್ಟರೆ ಎರರ್ ಬರುವುದಿಲ್ಲ, 10 ಎಂದೇ ಓದಿಕೊಳ್ಳುತ್ತದೆ!

ಹಾಗಾಗಿ ಟೈಪ್‌ಎರರ್‌ಗೆ ‘ಬಗೆ ತಪ್ಪಿದೆ’ ಎಂಬುದು ಚೆನ್ನಾಗಿ ಹೊಂದುತ್ತದೆ. ಪರೀಕ್ಷಿಸುವಾಗಲೂ ಬಗೆಯನ್ನೇ ಮೊದಲು ನೋಡಬೇಕು. ವಯಸ್ಸು ಸೊನ್ನೆಗಿಂತ ಕಡಿಮೆಯೇ ಎಂದು ನೇರವಾಗಿ ಹೋಲಿಸಿದಿರಿ, ಬಂದದ್ದು ‘-5’ ಎಂಬ ಸ್ಟ್ರಿಂಗ್ ಎಂದುಕೊಳ್ಳಿ. ಆಗ ನೀವು ಬರೆದ ಸಂದೇಶ ಕಾಣುವುದೇ ಇಲ್ಲ. ಸ್ಟ್ರಿಂಗನ್ನೂ ಪೂರ್ಣಾಂಕವನ್ನೂ ಹೋಲಿಸಲಾಗದು ಎಂಬ ಪೈಥಾನ್‌ನದೇ ಟೈಪ್‌ಎರರ್ ಬರುತ್ತದೆ, ಅದರಲ್ಲಿ ‘ವಯಸ್ಸು’ ಎಂಬ ಹೆಸರೇ ಇರುವುದಿಲ್ಲ. ಇನ್ನೊಂದು ಎಚ್ಚರ: ಬೂಲ್ (ಟ್ರೂ, ಫಾಲ್ಸ್ ಎರಡೇ ಇರುವ ಬಗೆ) ಎಂಬುದು ಇಂಟ್‌ನ ಸಬ್‌ಕ್ಲಾಸ್, ಎಂದರೆ ಅದರ ಒಳಬಗೆ. ಬಗೆ ಪರೀಕ್ಷಿಸುವ ಇಸ್‌ಇನ್‌ಸ್ಟೆನ್ಸ್‌ನಿಂದ ಇಂಟ್ ಹೌದೇ ಎಂದು ಕೇಳಿದರೆ ಟ್ರೂ ಕೂಡ ಪಾಸಾಗುತ್ತದೆ. ಬೇಡವಾದರೆ ಬೂಲನ್ನು ಬೇರೆಯಾಗಿ ತಡೆಯಬೇಕು.

ಇನ್ನೊಂದು ಭಾಷೆಯಾದ ಜಾವಾಸ್ಕ್ರಿಪ್ಟ್‌ನ ರೇಂಜ್‌ಎರರ್‌ಗೆ ಕನ್ನಡದಲ್ಲಿ ಕಷ್ಟವಿಲ್ಲ. ದಶಮಾಂಶ ಬಿಂದುವಿನ ನಂತರ ಎಷ್ಟು ಅಂಕಿ ಬೇಕೆಂದು ಕೇಳುವ ಟುಫಿಕ್ಸ್ಡ್‌ಗೆ 101 ಕೊಟ್ಟಾಗ ಬರುವುದು ಅದೇ, ಮಿತಿ 0ರಿಂದ 100. ‘ಮಿತಿ ಮೀರಿದೆ’ ಎಂದರೆ ಸಾಕು.

ತೊಡಕಿರುವುದು ವ್ಯಾಲ್ಯೂಎರರ್‌ನಲ್ಲಿ. ‘ಮೌಲ್ಯ ದೋಷ’ ಎಂದರೆ ನೀತಿಯ ಮಾತಿನಂತೆ ಕೇಳುತ್ತದೆ. ‘ಬೆಲೆ ತಪ್ಪಿದೆ’ ಎಂದರೆ ಬಿಲ್ಲಿಂಗ್ ಪ್ರೋಗ್ರಾಮಿನಲ್ಲಿ ದರವೇ ತಪ್ಪಾಗಿದೆ ಎಂದು ಓದಿಕೊಳ್ಳುತ್ತಾರೆ. ಆರ್ಗ್ಯುಮೆಂಟ್‌ಗೆ ‘ವಾದ’ ಎಂದು ಬರೆಯುವಷ್ಟು ತಪ್ಪು ಇದಲ್ಲ, ಆದರೂ ದಾರಿ ತಪ್ಪಿಸುತ್ತದೆ.

ಕೋಡ್‌ನಲ್ಲಿರುವ ಎರರ್ ಹೆಸರನ್ನಂತೂ ಮುಟ್ಟಬಾರದು, ಎರರ್ ಬಂದಾಗ ಅದನ್ನು ನಿಭಾಯಿಸುವ ಎಕ್ಸೆಪ್ಟ್ ಹಿಡಿಯುವುದು ಆ ಹೆಸರನ್ನೇ. ನಾನು ಕೇಳುತ್ತಿರುವುದು ವಿವರಣೆಯ ಪದವನ್ನು. ‘ವಯಸ್ಸು 0 ಅಥವಾ ಹೆಚ್ಚಿರಬೇಕು, ಬಂದದ್ದು -5’ ಎಂಬ ಸಂದೇಶದ ಮೇಲೆ ತಲೆಬರಹವಾಗಿ ‘ಹೊಂದದ ಬೆಲೆ’ ಎಂದರೆ ನಿಮಗೆ ಸರಿ ಕಾಣುತ್ತದೆಯೇ? ‘ಬೆಲೆ’ಯನ್ನೇ ಬಿಟ್ಟು ‘ಒಳಗಿನದು ಹೊಂದದು’ ಎನ್ನಬಹುದೇ?