"ನಿಮ್ಮ ಬಗ್ಗೆ ಹೇಳಿ" ಅಂದ ತಕ್ಷಣ ತಲೆ ಖಾಲಿ ಆಗುತ್ತೆ. ಏನು ಮಾಡಲಿ?

ಪ್ರಶ್ನೆ

ಮೂರು ವರ್ಷದಿಂದ ಅಕೌಂಟ್ಸ್‌ನಲ್ಲಿದ್ದೇನೆ. ಕೆಲಸ ಚೆನ್ನಾಗಿ ಬರುತ್ತೆ. ಆದರೆ ಈ ತಿಂಗಳು ಎರಡು ಇಂಟರ್‌ವ್ಯೂ ಕೈತಪ್ಪಿದವು. ಮೊದಲನೆಯದರಲ್ಲಿ "ನಿಮ್ಮ ಬಗ್ಗೆ ಹೇಳಿ" ಅಂದರು. ನಾನು ಶಾಲೆಯ ಮಾರ್ಕ್ಸ್‌ನಿಂದ ಶುರು ಮಾಡಿದೆ. ಡಿಗ್ರಿಗೆ ಬರುವಷ್ಟರಲ್ಲಿ ಎದುರಿಗಿದ್ದವರು ಗಡಿಯಾರ ನೋಡುತ್ತಿದ್ದರು.

ಎರಡನೆಯದರಲ್ಲಿ "ನಿಮ್ಮ ವೀಕ್‌ನೆಸ್ ಏನು?" ಅಂದರು. "ಜಾಸ್ತಿ ಕೆಲಸ ಮಾಡ್ತೀನಿ" ಅಂದೆ. ಒಬ್ಬರು ನಕ್ಕರು. ಖುಷಿಯ ನಗು ಅಲ್ಲ ಅದು. ಬುಧವಾರ ಇನ್ನೊಂದಿದೆ, ವಿಡಿಯೊ ಕಾಲ್‌ನಲ್ಲಿ. ಈಗಲೇ ಕೈ ಬೆವರುತ್ತಿದೆ.

ಉತ್ತರ 1

ನಾನು ಏಳೆಂಟು ವರ್ಷ ಮೇಜಿನ ಆ ಕಡೆ ಕೂತವನು. ಆ ನಗುವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವತ್ತು ಬೆಳಿಗ್ಗೆಯಿಂದ ಅದೇ ಉತ್ತರ ಕೇಳಿ ಅವರಿಗೂ ಸಾಕಾಗಿರುತ್ತೆ, ಅಷ್ಟೆ.

ಪರಿಚಯಕ್ಕೆ ಒಂದೂವರೆ ನಿಮಿಷ ಸಾಕು. ಈಗ ಏನು ಮಾಡುತ್ತಿದ್ದೀರಿ, ಅದಕ್ಕೆ ಮುಂಚೆ ಏನು, ಈ ಕೆಲಸ ಯಾಕೆ ಬೇಕು. ಶಾಲೆಯ ಮಾರ್ಕ್ಸ್ ರೆಸ್ಯೂಮ್‌ನಲ್ಲೇ ಇರುತ್ತಲ್ವಾ?

ಒಮ್ಮೆ ಒಬ್ಬ ಹುಡುಗಿ ಬಂದಿದ್ದಳು. ದನಿ ಎಷ್ಟು ಸಣ್ಣದು ಅಂದರೆ ನಾವು ಫ್ಯಾನ್ ಆರಿಸಬೇಕಾಯಿತು. ಏನಾದರೂ ತಪ್ಪು ಮಾಡಿದ್ದೀರಾ ಅಂತ ಕೇಳಿದೆ. "ಒಂದೇ ಇನ್‌ವಾಯ್ಸ್‌ಗೆ ಎರಡು ಸಲ ಪೇಮೆಂಟ್ ಹಾಕಿದ್ದೆ ಸರ್. ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಟ್ಯಾಲಿ ಮಾಡುವಾಗ ಸಿಕ್ಕಿತು. ಅವತ್ತೇ ಮ್ಯಾನೇಜರ್‌ಗೆ ಹೇಳಿ, ಮುಂದಿನ ಬಿಲ್‌ನಲ್ಲಿ ಅಡ್ಜಸ್ಟ್ ಮಾಡಿಸಿದೆ. ಈಗ ಇನ್‌ವಾಯ್ಸ್ ನಂಬರ್ ಹುಡುಕಿ ನೋಡದೆ ಎಂಟ್ರಿ ಹಾಕಲ್ಲ" ಅಂದಳು. ಮುಂದಿನ ಪ್ರಶ್ನೆ ಬಿಟ್ಟು ಅದರ ಬಗ್ಗೆಯೇ ಹತ್ತು ನಿಮಿಷ ಮಾತಾಡಿದೆವು. ಅವಳನ್ನೇ ತೆಗೆದುಕೊಂಡೆವು.

ಇದಕ್ಕೆ 'ಸ್ಟಾರ್' ಅಂತ ಒಂದು ಕ್ರಮ ಇದೆ: ಸಂದರ್ಭ, ನಿಮ್ಮ ಹೊಣೆ, ನೀವು ಮಾಡಿದ್ದು, ಕೊನೆಗೆ ಆಗಿದ್ದು. ಜನ ಸಂದರ್ಭ ಹೇಳುವುದರಲ್ಲೇ ಮುಳುಗಿಹೋಗುತ್ತಾರೆ. ನಾವು ಕಾಯುವುದು ಮೂರನೆಯದಕ್ಕೆ. ಅಲ್ಲಿ 'ನಾವು ಮಾಡಿದೆವು' ಅನ್ನಬೇಡಿ. ನೀವು ಮಾಡಿದ್ದೇನು ಅಂತ ಗೊತ್ತಾಗುವುದೇ ಇಲ್ಲ.

ಉತ್ತರ 2

ವಿಡಿಯೊ ಅಂದಿರಲ್ಲ, ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಡಿ. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರಲಿ. ಕಿಟಕಿ ಬೆನ್ನ ಹಿಂದೆ ಇದ್ದರೆ ಮುಖ ಕಪ್ಪಾಗಿ ಕಾಣುತ್ತೆ, ಎದುರಿಗಿರಲಿ. ಸ್ಕ್ರೀನ್ ಮೂಲೆಯಲ್ಲಿ ಕಾಣುವ ನಿಮ್ಮದೇ ಮುಖ ಮರೆಮಾಡಿ. ನಾನು ಒಂದು ಇಂಟರ್‌ವ್ಯೂ ಪೂರ್ತಿ ನನ್ನ ಕೂದಲನ್ನೇ ನೋಡಿಕೊಂಡು ಕೂತಿದ್ದೆ!

ಫೋನ್‌ನಲ್ಲಿ ನಿಮ್ಮ ಪರಿಚಯ ರೆಕಾರ್ಡ್ ಮಾಡಿ ಕೇಳಿ. ಎರಡು ನಿಮಿಷದಲ್ಲಿ ನಾನು 'ಆಕ್ಚುಯಲಿ' ಅಂದಿದ್ದು 14 ಸಲ. ನಾಚಿಕೆ ಆಯ್ತು, ಆದರೆ ಬಿಟ್ಟೂ ಹೋಯ್ತು.

ಉತ್ತರ 3

ಮೊದಲನೆಯವರ ಮಾತು ಸರಿ, ಆದರೆ ಎಲ್ಲರೂ ಅವರ ಹಾಗೆ ಫ್ಯಾನ್ ಆರಿಸಿ ಕೇಳಲ್ಲ. ಕೆಲವರು ಹೊರಗೆ ಕಂಡದ್ದರ ಮೇಲೇ ಉಳಿದದ್ದನ್ನೂ ಅಳೆದುಬಿಡುತ್ತಾರೆ. ಥಾರ್ನ್‌ಡೈಕ್ ಅನ್ನುವ ಮನಶ್ಶಾಸ್ತ್ರಜ್ಞ 1920ರಲ್ಲೇ ಇದನ್ನು ಬರೆದಿದ್ದಾರೆ. ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಅಂಕ ಹಾಕುವಾಗ, ಮೈಕಟ್ಟಿಗೆ ಜಾಸ್ತಿ ಕೊಟ್ಟವರಿಗೆ ಬುದ್ಧಿಗೂ ಜಾಸ್ತಿಯೇ ಕೊಡುತ್ತಿದ್ದರಂತೆ. 'ಹೇಲೋ ಎಫೆಕ್ಟ್' ಅನ್ನುವುದು ಇದನ್ನೇ. ನ್ಯಾಯ ಅಲ್ಲ, ನಿಜ. ಆದರೂ ಶರ್ಟ್‌ಗೆ ಇಸ್ತ್ರಿ ಹಾಕಿ, ಐದು ನಿಮಿಷ ಮೊದಲೇ ಲಿಂಕ್ ತೆರೆದು ಕೂತುಕೊಳ್ಳಿ. ಕೊನೆಗೆ "ನಿಮ್ಮದೇನಾದರೂ ಪ್ರಶ್ನೆ ಇದೆಯಾ?" ಅಂದಾಗ "ಏನೂ ಇಲ್ಲ" ಅಂತ ಸುಮ್ನೆ ಮುಗಿಸಬೇಡಿ. ಮೊದಲ ಮೂರು ತಿಂಗಳಲ್ಲಿ ನನ್ನಿಂದ ಏನು ನಿರೀಕ್ಷೆ ಮಾಡ್ತೀರಿ ಅಂತ ಕೇಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಪುಸ್ತಕ ಜೋಡಿಸಿದ್ದಾಯ್ತು. ಒಂದು ಅನುಮಾನ. ಒಮ್ಮೆ ಸಂಬಳದ ಶೀಟ್‌ನಲ್ಲಿ ಒಂದು ಸಾಲು ಬಿಟ್ಟುಹೋಗಿ, ಒಬ್ಬರಿಗೆ ಸಂಬಳವೇ ಹೋಗಿರಲಿಲ್ಲ. ಅವರೇ ಬಂದು ಕೇಳಿದಾಗ ಗೊತ್ತಾಗಿದ್ದು. ಇದನ್ನು ಹೇಳಬಹುದಾ?

ಉತ್ತರ 1

ಧಾರಾಳವಾಗಿ ಹೇಳಿ. ಆಮೇಲೆ ಅವರಿಗೆ ದುಡ್ಡು ಯಾವಾಗ ಸಿಕ್ಕಿತು?

ಪ್ರಶ್ನೆ ಕೇಳಿದವರು

ಅವತ್ತೇ, ಸಂಜೆ ಐದರೊಳಗೆ. ಈಗ ಶೀಟ್ ಕಳಿಸುವ ಮುಂಚೆ ತಲೆ ಎಣಿಸುತ್ತೇನೆ.